ಸರಕಾರಿ ಶಾಲೆಯಲ್ಲಿ ಶಾರದಾ ಪೂಜೆ ಮಾಡಬಹುದಾ?

ನವರಾತ್ರಿ ಹತ್ತಿರ ಬಂದ ಹಾಗೆ ಉಡುಪಿ, ಮಂಗಳೂರಿನ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗೋದಲಿಯ ಬಗ್ಗೆ ಇದೇ ಚರ್ಚೆ, ಶಾಲೆ ಶುರುವಾಗುವಾಗ ಸಮವಸ್ತ್ರದ ಬಗ್ಗೆ. ಒಬ್ಬರು "ನಮ್ಮದು ಜಾತ್ಯತೀತ ದೇಶ, ಶಾಲೆಯೊಳಗೆ ಧರ್ಮ ಬರಲೇಬಾರದು" ಅನ್ನುತ್ತಾರೆ. ಇನ್ನೊಬ್ಬರು "ಇದು ನಮ್ಮ ಸಂಸ್ಕೃತಿ, ಕೇಳಲು ನೀವು ಯಾರು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ, ಮನಸ್ಸು ಕೆಡುತ್ತದೆ. ಸಂವಿಧಾನದಲ್ಲಿ ಏನಿದೆ ಎಂದು ತೆಗೆದು ನೋಡುವವರು ಕಡಿಮೆ.

ತೆಗೆದು ನೋಡಿದರೆ ಅಲ್ಲಿ ಮೊದಲು ಸಿಗುವ ಪ್ರಶ್ನೆ, ಶಾಲೆ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಎಂಬುದು. ಎರಡನೆಯದು, ಬೇಡ ಅನ್ನುವ ಮಗುವಿಗೆ ಬೇಡ ಅನ್ನಲು ಜಾಗ ಇದೆಯಾ ಎಂಬುದು. ಎರಡನೆಯದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಆದರೆ ಮೊದಲನೆಯದನ್ನು ಬಿಟ್ಟರೆ ಎರಡನೆಯದು ಅರ್ಥವಾಗುವುದಿಲ್ಲ.

ಶಾಲೆಯ ಬಗ್ಗೆ ನೇರವಾಗಿ ಮಾತಾಡುವುದು 28ನೇ ವಿಧಿ. ಪೂರ್ತಿ ಸರಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎಂದು ಅದು ಹೇಳುತ್ತದೆ. ಪೋಷಕರು ಒಪ್ಪಿದರೆ ಆಗಬಹುದು ಎಂಬ ವಿನಾಯಿತಿ ಇಲ್ಲಿ ಇಲ್ಲ. ಊರಿನವರೆಲ್ಲ ಸಹಿ ಹಾಕಿ ಕೊಟ್ಟರೂ ಒಂದು ಧರ್ಮದ ಪಾಠಕ್ಕೆ ಪೀರಿಯಡ್ ಇಡುವಂತಿಲ್ಲ. ಯಾರೋ ದಾನಿಯ ದತ್ತಿಯಿಂದ ಅಥವಾ ಟ್ರಸ್ಟಿನಿಂದ ಹುಟ್ಟಿ, ಈಗ ಸರಕಾರ ನಡೆಸುತ್ತಿರುವ ಸಂಸ್ಥೆಗೆ ಮಾತ್ರ ರಿಯಾಯಿತಿ ಇದೆ. ಅದೂ ಧರ್ಮಬೋಧನೆ ಆಗಲೇಬೇಕು ಎಂದು ಆ ದತ್ತಿಯಲ್ಲೇ ಇದ್ದರೆ. ಮೂರನೆಯ ಗುಂಪು ನಮ್ಮ ಕರಾವಳಿಗೆ ಜಾಸ್ತಿ ಸಂಬಂಧಪಟ್ಟದ್ದು: ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳು. ಅಲ್ಲಿ ಧರ್ಮಬೋಧನೆ ಇರಬಹುದು, ಪೂಜೆ ಪ್ರಾರ್ಥನೆಯೂ ಇರಬಹುದು. ಆದರೆ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಅದರಲ್ಲಿ ಕೂರಿಸುವಂತಿಲ್ಲ. ಮಗು ಚಿಕ್ಕದಾಗಿದ್ದರೆ ಒಪ್ಪಿಗೆ ಕೊಡಬೇಕಾದವರು ಪೋಷಕರು.

ಈ ವಿಂಗಡಣೆ ದಿಲ್ಲಿಯಲ್ಲಿ ಕೂತವರಿಗೆ ದಿಢೀರನೆ ಹೊಳೆದದ್ದಲ್ಲ. ನಮ್ಮ ಊರಿನ ಶಾಲೆಗಳ ಚರಿತ್ರೆ ನೋಡಿದರೆ ಅದರ ಬೇರು ಕಾಣುತ್ತದೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬೈಬಲ್ ಜೊತೆಗೆ ಅಕ್ಷರ ಕಲಿಸಿದರು, ಶಾಲೆ ತೆರೆದರು. ಜೆಸುವಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದರು. ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ನಿಂತು 1891ರಲ್ಲಿ ಕೆನರಾ ಹೈಸ್ಕೂಲು ಶುರುಮಾಡಿದರು. ಕುದ್ಮುಲ್ ರಂಗರಾಯರು ಬೇರೆಲ್ಲೂ ಬಾಗಿಲು ತೆರೆಯದ ದಲಿತ ಮಕ್ಕಳಿಗಾಗಿಯೇ ಶಾಲೆ ನಡೆಸಿದರು. ಹೀಗೆ ಮಿಶನ್‌ನವರು, ಸಮುದಾಯದವರು, ಸಮಾಜ ಸುಧಾರಕರು ಕಟ್ಟಿದ ಶಾಲೆಗಳಲ್ಲೇ ಈ ಜಿಲ್ಲೆ ಓದು ಕಲಿತದ್ದು. ಬ್ರಿಟಿಷ್ ಸರಕಾರ 1854ರ ಶಿಕ್ಷಣ ನೀತಿಯಲ್ಲಿ ಇಂಥ ಶಾಲೆಗಳಿಗೆ ಅನುದಾನ ಕೊಡುವ ಕ್ರಮ ತಂದಿತು. ನೀವು ಕಲಿಸುವ ಗಣಿತಕ್ಕೆ, ಭಾಷೆಗೆ ದುಡ್ಡು ಕೊಡುತ್ತೇವೆ, ನಿಮ್ಮ ಧರ್ಮದ ಪಾಠಕ್ಕೆ ಕೈಹಾಕುವುದಿಲ್ಲ ಎಂಬುದು ಅದರ ತಿರುಳು. ಸ್ವತಂತ್ರ ಭಾರತ ಅನುದಾನವನ್ನು ಉಳಿಸಿಕೊಂಡಿತು, ಜೊತೆಗೆ ಮಗುವಿನ ಕೈಗೆ ಒಂದು ರಕ್ಷಣೆ ಕೊಟ್ಟಿತು. ಆ ರಕ್ಷಣೆಯೇ ಒಪ್ಪಿಗೆಯ ಷರತ್ತು. ಮಂಗಳೂರಿನ ಕಾನ್ವೆಂಟುಗಳಲ್ಲಿ ಕಥೋಲಿಕ್ ಮಕ್ಕಳು ಕ್ಯಾಟೆಕಿಸಂ, ಅಂದರೆ ತಮ್ಮ ಧರ್ಮದ ಪಾಠದ ತರಗತಿಗೆ ಹೋದಾಗ ಉಳಿದವರು ಮೌಲ್ಯಶಿಕ್ಷಣದ ಪಾಠಕ್ಕೆ ಕೂರುವ ರೂಢಿ ಇದೆಯಲ್ಲ, ಅದಕ್ಕೆ ಆಧಾರ ಇದು.

ಹಾಗಾದರೆ ಸರಕಾರಿ ಶಾಲೆಗೆ ಮಾತ್ರ ಇಷ್ಟು ಬಿಗಿ ಯಾಕೆ? ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಅಂಬೇಡ್ಕರ್ ಮೂರು ಕಾರಣ ಕೊಟ್ಟರು. ಎಲ್ಲರ ತೆರಿಗೆಯ ದುಡ್ಡನ್ನು ಒಂದು ಧರ್ಮದ ಬೆಳವಣಿಗೆಗೆ ಬಳಸಬಾರದು ಎಂದು ಆಗಲೇ ಒಪ್ಪಿಕೊಂಡಿದ್ದೇವೆ. ಒಂದೊಂದು ಊರಿನಲ್ಲೂ ಇಷ್ಟೊಂದು ಸಮುದಾಯಗಳಿವೆ, ಎಲ್ಲರ ಧರ್ಮವನ್ನೂ ಒಂದೇ ಶಾಲೆಯಲ್ಲಿ ಕಲಿಸಲು ಆಗುವುದಿಲ್ಲ. ಇನ್ನು, ನಮ್ಮ ದಾರಿಯಲ್ಲಿ ಮಾತ್ರ ಮುಕ್ತಿ ಎಂದು ಹೇಳುವ ಧರ್ಮಗಳಿರುವಾಗ ಅವುಗಳ ಬೋಧನೆ ಶಾಲೆಯೊಳಗೆ ಬಂದರೆ ಅಲ್ಲಿನ ಶಾಂತಿ ಕೆಡುತ್ತದೆ.

ಎರಡನೆಯ ಕಾರಣವನ್ನು ನಮ್ಮ ಒಂದು ತರಗತಿಗೆ ಹಚ್ಚಿ ನೋಡಿ. ಬ್ಯಾರಿ ಮಗು, ಕೊಂಕಣಿ ಮಾತಾಡುವ ಕಥೋಲಿಕ್ ಮಗು, ಕೊಂಕಣಿಯನ್ನೇ ಮಾತಾಡುವ ಗೌಡ ಸಾರಸ್ವತ ಮಗು, ಬಿಲ್ಲವ, ಬಂಟ, ಮೊಗವೀರ, ದಲಿತ ಮಕ್ಕಳು. ಮೂಡುಬಿದಿರೆ, ಕಾರ್ಕಳದ ಕಡೆ ಜೈನ ಮಗುವೂ ಇರುತ್ತದೆ. ಹಿಂದೂ ಮಕ್ಕಳಲ್ಲೇ ಒಬ್ಬರ ಮನೆಯಲ್ಲಿ ಮಾಧ್ವ ಪದ್ಧತಿ, ಇನ್ನೊಬ್ಬರ ಮನೆಯಲ್ಲಿ ದೈವದ ಕೋಲ, ತಂಬಿಲ. ಇವರಲ್ಲಿ ಯಾರ ಧರ್ಮದ ಪಾಠ ಮಾಡುವುದು? ಮೇಷ್ಟ್ರು ಯಾರದನ್ನು ಆರಿಸಿದರೂ ಉಳಿದವರು ಅತಿಥಿಗಳಾಗುತ್ತಾರೆ, ಅದೂ ಅವರ ತಂದೆ ತಾಯಿಯ ತೆರಿಗೆಯಲ್ಲೇ ನಡೆಯುವ ಶಾಲೆಯಲ್ಲಿ.

ಇದರಿಂದ ಮಕ್ಕಳಿಗೆ ಧರ್ಮವೇ ಗೊತ್ತಾಗುವುದಿಲ್ಲ ಎಂದು ಕೊರಗುವವರಿಗೆ ಒಂದು ಮಾತು. ನಮ್ಮಲ್ಲಿ ಧರ್ಮ ಕಲಿಸುವ ಜಾಗಗಳಿಗೆ ಬರ ಇಲ್ಲ. ಬೆಳಗ್ಗೆ ಶಾಲೆಗಿಂತ ಮೊದಲು ಮದ್ರಸ ನಡೆಯುತ್ತದೆ. ಚರ್ಚಿನಲ್ಲಿ ಭಾನುವಾರ ಕ್ಯಾಟೆಕಿಸಂ ಇರುತ್ತದೆ. ಸಂಜೆ ಭಜನಾ ಮಂದಿರದಲ್ಲಿ ಮಕ್ಕಳು ತಾಳ ಹಿಡಿದು ಕೂರುತ್ತಾರೆ. ಶಾಲೆ ಆ ಕೆಲಸ ಮಾಡದಿದ್ದರೆ ಯಾರಿಗೂ ನಷ್ಟವಾಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ. ಧರ್ಮಬೋಧನೆ ಬೇಡ ಎಂದರೆ ಧರ್ಮದ ಹೆಸರೇ ಎತ್ತಬಾರದು ಎಂದಲ್ಲ. ಪಂಜಾಬಿನಲ್ಲಿ ಗುರುನಾನಕರ ಹೆಸರಿನ ವಿಶ್ವವಿದ್ಯಾಲಯದ ಕಾಯ್ದೆ ಪ್ರಶ್ನೆಗೆ ಒಳಗಾದಾಗ, ನಾನಕರ ಬದುಕು ಮತ್ತು ಬೋಧನೆಯ ಬಗ್ಗೆ ಅಧ್ಯಯನ ಮಾಡುವುದು ಧರ್ಮಬೋಧನೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಧರ್ಮಗಳ ಬಗ್ಗೆ ತಿಳಿಸುವ ಪಠ್ಯಕ್ರಮವನ್ನು 2002ರ ಅರುಣಾ ರಾಯ್ ಪ್ರಕರಣದಲ್ಲೂ ಎತ್ತಿಹಿಡಿಯಿತು. ಮಧ್ವಾಚಾರ್ಯರು ಏನು ಹೇಳಿದರು, ಬಸವಣ್ಣ ಯಾಕೆ ಎದ್ದು ನಿಂತರು, ಇಸ್ಲಾಂ ಕರಾವಳಿಗೆ ವ್ಯಾಪಾರದ ಜೊತೆ ಹೇಗೆ ಬಂತು, ಇದೆಲ್ಲ ಚರಿತ್ರೆಯ ಪಾಠ. ಮಧ್ವಾಚಾರ್ಯರು ದ್ವೈತ ಬೋಧಿಸಿದರು ಎಂದು ಕಲಿಸುವುದು ಪಾಠ. ದ್ವೈತವೇ ಸತ್ಯ, ನೀವೂ ನಂಬಿ ಎನ್ನುವುದು ಬೋಧನೆ.

ಯಕ್ಷಗಾನದ ವಿಷಯದಲ್ಲಿ ಈ ಗೆರೆ ಸ್ವಲ್ಪ ಮಸುಕಾಗುತ್ತದೆ. ಉಡುಪಿ ಕಡೆ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹೆಜ್ಜೆ ಕಲಿಯುತ್ತಾರೆ, ವರ್ಷದ ಕೊನೆಗೆ ಅಭಿಮನ್ಯು ಕಾಳಗವೋ ಬಬ್ರುವಾಹನ ಕಾಳಗವೋ ಆಡುತ್ತಾರೆ. ಕಥೆ ಪುರಾಣದ್ದು. ಆಟಕ್ಕೆ ಮೊದಲು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಣಪತಿಗೆ ಪೂಜೆ. ಇದು ಧರ್ಮವಾ, ಕಲೆಯಾ? ನನ್ನ ಪ್ರಕಾರ ಪ್ರಸಂಗ, ಕುಣಿತ, ಅರ್ಥಗಾರಿಕೆ ಎಲ್ಲ ನಮ್ಮ ಕಲೆ, ಭಾಷೆ. ಅದನ್ನು ಸರಕಾರಿ ಶಾಲೆ ಕಲಿಸಲೇಬೇಕು. ಬ್ಯಾರಿ ಹುಡುಗಿ ಅಭಿಮನ್ಯುವಿನ ವೇಷ ಹಾಕಿದರೆ ಅವಳ ಧರ್ಮಕ್ಕೆ ಏನೂ ಆಗುವುದಿಲ್ಲ. ಆದರೆ ಚೌಕಿ ಪೂಜೆಗೆ ಕೈಮುಗಿಯದಿದ್ದರೆ ವೇಷ ಇಲ್ಲ ಎಂದು ಯಾರಾದರೂ ಹೇಳಿದರೆ, ಆ ಕ್ಷಣಕ್ಕೆ ಅದು ಕಲೆಯ ಪಾಠವಾಗಿ ಉಳಿಯುವುದಿಲ್ಲ.

ಈಗ ಶಾರದಾ ಪೂಜೆಗೆ ಬರೋಣ. 28ನೇ ವಿಧಿಯ ಮೊದಲ ಭಾಗ ಸರಕಾರಿ ಶಾಲೆಗೆ ನಿಷೇಧಿಸುವುದು ಧರ್ಮಬೋಧನೆಯನ್ನು. ಪೂಜೆ ಎಂಬ ಪದ ಅಲ್ಲಿ ಇಲ್ಲ. ಪೂಜೆಯ ಮಾತು ಬರುವುದು ಅನುದಾನಿತ, ಮಾನ್ಯತೆ ಪಡೆದ ಶಾಲೆಗಳ ಭಾಗದಲ್ಲಿ. ಈ ಸಂದಿಯಲ್ಲೇ ನಮ್ಮ ರೂಢಿಗಳೆಲ್ಲ ಬದುಕಿಕೊಂಡಿವೆ. ಹಬ್ಬ ಆಚರಿಸುವುದೇ ಬೋಧನೆಯಾಗುತ್ತದಾ ಎಂಬುದಕ್ಕೆ ಒಂದೇ ಸಾಲಿನ ತೀರ್ಪು ಇಲ್ಲ. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯಲ್ಲಿ "ಅಸತೋಮಾ ಸದ್ಗಮಯ" ಹೇಳಿಸುವುದನ್ನು ಪ್ರಶ್ನಿಸಿ ಅರ್ಜಿ ಹೋದಾಗ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ತಾನೇ ತೀರ್ಮಾನ ಮಾಡದೆ 2019ರಲ್ಲಿ ಅದನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಅಷ್ಟು ಸುಲಭದ ಪ್ರಶ್ನೆ ಇದಲ್ಲ.

ಅಮೆರಿಕದಲ್ಲಿ ಇದಕ್ಕೆ ಬೇರೆಯೇ ಉತ್ತರ ಸಿಕ್ಕಿತು. ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳು ಸರಕಾರಿ ಶಾಲೆಗಳಿಗಾಗಿ ಒಂದು ಪುಟ್ಟ ಪ್ರಾರ್ಥನೆ ಬರೆದಿದ್ದರು. ಯಾವ ಪಂಥದ ಹೆಸರೂ ಅದರಲ್ಲಿ ಇರಲಿಲ್ಲ, ಬೇಡವಾದವರು ಸುಮ್ನೆ ಇರಬಹುದಿತ್ತು. ಆದರೂ ಅಲ್ಲಿನ ಸುಪ್ರೀಂ ಕೋರ್ಟು 1962ರಲ್ಲಿ ಅದನ್ನು ತಳ್ಳಿಹಾಕಿತು. ಸರಕಾರ ಪ್ರಾರ್ಥನೆ ಬರೆದುಕೊಡುವುದೇ ತಪ್ಪು, ಹೊರಗುಳಿಯಲು ಬಿಟ್ಟರೂ ಅದು ಸರಿಯಾಗದು ಎಂಬುದು ಅವರ ನಿಲುವು. ನಮ್ಮ ಸಂವಿಧಾನ ಅಷ್ಟು ದೂರ ಹೋಗಿಲ್ಲ. ಇಲ್ಲಿ ರಾಜ್ಯಕ್ಕೆ ಧರ್ಮ ಇಲ್ಲ, ಆದರೆ ಧರ್ಮದ ಜೊತೆ ಮಾತೇ ಬಿಟ್ಟಿಲ್ಲ.

ಆದರೂ ನ್ಯೂಯಾರ್ಕಿನ ಆ ತೀರ್ಪಿನಿಂದ ನಾವು ತೆಗೆದುಕೊಳ್ಳಬೇಕಾದ ಒಂದು ವಿಷಯ ಇದೆ. ಎಂಟು ವರ್ಷದ ಮಗು, ಇಡೀ ತರಗತಿ ಸಾಲಾಗಿ ಮಂಗಳಾರತಿಗೆ ನಿಂತಾಗ, "ಟೀಚರ್, ನಾನು ಬರಲ್ಲ" ಎಂದು ಹೇಳುತ್ತದಾ? ಹೇಳುವುದಿಲ್ಲ. ಕಾಗದದಲ್ಲಿ ಹಕ್ಕು ಇರುತ್ತದೆ, ಮಗುವಿನ ಬಾಯಿಗೆ ಅದು ಬರುವುದಿಲ್ಲ. ಹೇಳಿದರೂ ಅಂದಿನಿಂದ ಅದು "ಬೇರೆ" ಮಗು. ಇದು ಪೂಜೆಯ ಸಾಲಿನಲ್ಲಿ ನಿಂತ ಮುಸ್ಲಿಂ ಮಗುವಿಗೂ ಹೌದು, ಕಾನ್ವೆಂಟಿನ ಪ್ರಾರ್ಥನೆಯಲ್ಲಿ ನಿಂತ ಹಿಂದೂ ಮಗುವಿಗೂ ಹೌದು. ಹಾಗಾಗಿ ಶಾರದಾ ಪೂಜೆಯ ಬಗ್ಗೆ ನನ್ನ ಉತ್ತರ ಇದು: ಪಾಠದ ವೇಳೆ ಬಿಟ್ಟು ಮಾಡಿ. ಹಾಜರಿ ತೆಗೆಯಬೇಡಿ. ಪ್ರತಿ ಮಗುವಿನಿಂದ ವಂತಿಗೆ ಎತ್ತಬೇಡಿ. ಬರದ ಮಗುವನ್ನು ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಇಷ್ಟು ಪಾಲಿಸಲು ಕಷ್ಟವಾದರೆ ಸರಕಾರಿ ಶಾಲೆಯಲ್ಲಿ ಮಾಡದಿರುವುದೇ ಒಳ್ಳೆಯದು.

ಇಲ್ಲಿಯವರೆಗೆ ಮಾತಾಡಿದ್ದು ಶಾಲೆ ಏನು ಮಾಡಬಹುದು ಎಂಬುದರ ಬಗ್ಗೆ. ಮಗು ತಾನಾಗಿ ಏನು ತರಬಹುದು ಎಂಬುದು ಬೇರೆ ಪ್ರಶ್ನೆ. ಸರಕಾರಿ ಶಾಲೆಯ ಗೋಡೆಯ ಮೇಲೆ ಶಿಲುಬೆ ಹಾಕುವುದೂ ಮಗುವಿನ ಕೊರಳಲ್ಲಿ ಶಿಲುಬೆ ಇರುವುದೂ ಒಂದೇ ಅಲ್ಲ. ಗೋಡೆ ಸರಕಾರದ್ದು, ಕೊರಳು ಮಗುವಿನದ್ದು. 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಪಾಲಿಸುವ ಸ್ವಾತಂತ್ರ್ಯ ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಯಲ್ಲಿ. ಕೇರಳದ ಒಂದು ಶಾಲೆಯಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ವಾಪಸು ಸೇರಿಸಿಕೊಳ್ಳಲು ಹೇಳಿತು.

ಉಡುಪಿಯ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು ಇದೇ ಪ್ರಶ್ನೆಯಲ್ಲಿ. 2021ರ ಕೊನೆಗೆ ಇಲ್ಲಿನ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಕೆಲವು ವಿದ್ಯಾರ್ಥಿನಿಯರು ತರಗತಿಯಲ್ಲಿ ಹಿಜಾಬ್ ಧರಿಸಲು ಅವಕಾಶ ಕೇಳಿದರು, ಕಾಲೇಜು ಒಪ್ಪಲಿಲ್ಲ. ಕುಂದಾಪುರ ಮತ್ತಿತರ ಕಡೆ ಕೇಸರಿ ಶಾಲು ಬಂತು. 2022ರ ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಅದರ ಪ್ರಕಾರ ಪಿಯು ಕಾಲೇಜಿನಲ್ಲಿ ಸಮವಸ್ತ್ರ ನಿರ್ಧರಿಸುವುದು ಕಾಲೇಜು ಅಭಿವೃದ್ಧಿ ಸಮಿತಿ. ಆ ಸಮಿತಿಗೆ ಅಧ್ಯಕ್ಷರು ಸ್ಥಳೀಯ ಶಾಸಕರು. ಈ ಒಂದು ಸಂಗತಿಗೆ ಆಗ ಸಿಗಬೇಕಾದ ಗಮನ ಸಿಗಲಿಲ್ಲ ಅಂತ ನನಗೆ ಈಗಲೂ ಬೇಸರ. ಚುನಾವಣೆಗೆ ನಿಲ್ಲುವವರ ಕೈಗೆ ಮಕ್ಕಳ ಬಟ್ಟೆಯ ತೀರ್ಮಾನ ಕೊಟ್ಟರೆ ಅದು ರಾಜಕೀಯ ಆಗದೆ ಇರುತ್ತದಾ?

ಹೈಕೋರ್ಟು ಮಾರ್ಚ್ 15ರಂದು ತೀರ್ಪು ಕೊಟ್ಟಿತು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ, ಸಮವಸ್ತ್ರದ ನಿಯಮ ಸರಿ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಸಮವಸ್ತ್ರ ಸಮಾನತೆ ತರುತ್ತದೆ ಎಂದು ಹೈಕೋರ್ಟನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಇದು ಆಯ್ಕೆಯ ಪ್ರಶ್ನೆ, ಅತ್ಯಗತ್ಯವಾ ಅಲ್ಲವಾ ಎಂದು ನೋಡಬೇಕಾದ್ದೇ ಇರಲಿಲ್ಲ, ಹೆಣ್ಣುಮಕ್ಕಳ ಓದು ನಿಲ್ಲಬಾರದು ಎಂದರು. ವಿಷಯವನ್ನು ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಲಾಯಿತು.

ಈ "ಅತ್ಯಗತ್ಯ ಆಚರಣೆ" ಎಂಬ ಅಳತೆಗೋಲು ಬಂದದ್ದು ಎಲ್ಲಿಂದ ಗೊತ್ತಾ? ಉಡುಪಿಯ ರಥಬೀದಿಯಿಂದಲೇ. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿಯವರು ಮದ್ರಾಸ್ ಸರಕಾರದ 1951ರ ಧಾರ್ಮಿಕ ದತ್ತಿ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋಗಿದ್ದರು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಮಠದ ಆಡಳಿತದಲ್ಲಿ ಸರಕಾರ ಎಷ್ಟು ಕೈಹಾಕಬಹುದು ಎಂಬುದು ಪ್ರಶ್ನೆ. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಹೇಳಿದ್ದು: ಧರ್ಮ ಎಂದರೆ ಬರೀ ನಂಬಿಕೆ ಅಲ್ಲ, ಆಚರಣೆಯೂ ಹೌದು. ಯಾವುದು ಅದರ ಅಗತ್ಯ ಭಾಗ ಎಂಬುದನ್ನು ಆ ಧರ್ಮದ ತತ್ವಗಳನ್ನೇ ನೋಡಿ ತಿಳಿಯಬೇಕು. ಮಠಕ್ಕೆ ಸರಕಾರದಿಂದ ರಕ್ಷಣೆ ಕೊಡಲು ಬಂದ ಮಾತು ಅದು. ಮುಂದಿನ ದಶಕಗಳಲ್ಲಿ ಕೋರ್ಟುಗಳೇ ಗ್ರಂಥ ತೆರೆದು ಇದು ಬೇಕೇಬೇಕು, ಇದು ಬೇಡ ಎಂದು ತೀರ್ಮಾನಿಸತೊಡಗಿದವು. ಒಂದು ಮಠದ ಸ್ವಾತಂತ್ರ್ಯ ಕಾಯಲು ಹುಟ್ಟಿದ ಮಾತು, ಅದೇ ಊರಿನ ಹುಡುಗಿಯರ ಮುಂದೆ ಪರೀಕ್ಷೆಯಾಗಿ ನಿಂತಿತು. ಒಬ್ಬಳು ವಿದ್ಯಾರ್ಥಿನಿ ತನ್ನ ನಂಬಿಕೆಗೆ ಶಾಸ್ತ್ರದ ಪುರಾವೆ ಒದಗಿಸಬೇಕು ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಸಮವಸ್ತ್ರದ ಪರ ಇರುವವರ ವಾದದಲ್ಲೂ ತೂಕ ಇದೆ. ತರಗತಿಯಲ್ಲಿ ಜಾತಿ, ಧರ್ಮ, ಅಂತಸ್ತು ಮೊದಲ ನೋಟಕ್ಕೆ ಕಾಣಬಾರದು ಎಂಬ ಆಸೆ ಒಳ್ಳೆಯದೇ. ಆದರೆ ಆ ಆಸೆಗೆ ಬೆಲೆ ತೆರುವವರು ಕೆಲವೇ ಹುಡುಗಿಯರಾದರೆ, ಅದೂ ಓದಿನ ರೂಪದಲ್ಲಿ ತೆತ್ತರೆ, ಅದು ಸಮಾನತೆ ಆಗುವುದಿಲ್ಲ.

2025ರ ಏಪ್ರಿಲಿನಲ್ಲಿ ಸಿಇಟಿ ಪರೀಕ್ಷೆಯ ವೇಳೆ ಶಿವಮೊಗ್ಗ ಮತ್ತು ಬೀದರಿನಲ್ಲಿ ವಿದ್ಯಾರ್ಥಿಗಳಿಗೆ ಜನಿವಾರ ತೆಗೆಯಲು ಹೇಳಿದಾಗ ಇಲ್ಲಿಯ ಎಷ್ಟೋ ಜನರಿಗೆ ನೋವಾಯಿತು. ಒಬ್ಬ ಹುಡುಗ ಗಣಿತ ಪರೀಕ್ಷೆ ಬರೆಯದೆ ವಾಪಸಾದ. ಆ ನೋವು ನ್ಯಾಯವಾದದ್ದು. ಜನಿವಾರ ಅತ್ಯಗತ್ಯವಾ ಎಂದು ಆ ಹುಡುಗನನ್ನು ಯಾರೂ ಕೇಳಬಾರದಿತ್ತು. ಅದೇ ಅಳತೆ ಎಲ್ಲ ಮಕ್ಕಳಿಗೂ ಸಿಗಬೇಕು.

ಸರಕಾರ ಮತ್ತು ಧರ್ಮದ ನಂಟು ಶಾಲೆಯ ಹೊರಗೆ ಇನ್ನೂ ಗೋಜಲು. ಕೊಲ್ಲೂರು, ಕುಕ್ಕೆ, ಕಟೀಲು ದೇವಸ್ಥಾನಗಳು ಮುಜರಾಯಿ ಇಲಾಖೆಗೆ ಸೇರಿವೆ. ಜಾತ್ಯತೀತ ಸರಕಾರ ದೇವಸ್ಥಾನದ ಆಡಳಿತ ನೋಡುವುದು ಹೇಗೆ ಎಂದು ಕೇಳುವವರಿದ್ದಾರೆ. ಉತ್ತರ 25ನೇ ವಿಧಿಯಲ್ಲೇ ಇದೆ. ಧರ್ಮಕ್ಕೆ ಅಂಟಿದ ಹಣಕಾಸಿನಂಥ ಲೌಕಿಕ ವ್ಯವಹಾರವನ್ನು ಸರಕಾರ ನಿಯಂತ್ರಿಸಬಹುದು, ಹಿಂದೂ ದೇವಸ್ಥಾನಗಳನ್ನು ಎಲ್ಲ ಜಾತಿಯವರಿಗೂ ತೆರೆಯುವ ಕಾನೂನು ಮಾಡಬಹುದು. ಎರಡನೆಯದರ ದೊಡ್ಡ ತೀರ್ಪು ಕೂಡ ನಮ್ಮದೇ ನೆಲದ್ದು. ಮೂಲ್ಕಿಯ ವೆಂಕಟರಮಣ ದೇವಸ್ಥಾನದವರು, ಇದು ಗೌಡ ಸಾರಸ್ವತರ ದೇವಸ್ಥಾನ, 1947ರ ದೇವಸ್ಥಾನ ಪ್ರವೇಶ ಕಾಯ್ದೆ ನಮಗೆ ಅನ್ವಯಿಸದು ಎಂದು ವಾದಿಸಿದರು. 1957ರಲ್ಲಿ ಸುಪ್ರೀಂ ಕೋರ್ಟು ಇದು ಆ ಸಮುದಾಯದ ದೇವಸ್ಥಾನವೇ ಎಂದು ಒಪ್ಪಿತು, ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟಿತು. ಆದರೆ ದರ್ಶನಕ್ಕೆ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಲೇಬೇಕು ಎಂದಿತು. ಸರಕಾರ ಧರ್ಮದಲ್ಲಿ ಕೈಹಾಕಲೇಬಾರದು ಎಂದು ಹಟ ಹಿಡಿದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಇದನ್ನು ನಾವು ಮರೆಯಬಾರದು.

ದುಡ್ಡಿನ ಬಗ್ಗೆ 27ನೇ ವಿಧಿ ಇದೆ: ಒಂದು ಧರ್ಮವನ್ನು ಬೆಳೆಸಲೆಂದೇ ತೆರಿಗೆ ಹಾಕಿ ವಸೂಲು ಮಾಡುವಂತಿಲ್ಲ. ಮುಜರಾಯಿ ದೇವಸ್ಥಾನದ ಹುಂಡಿಯ ದುಡ್ಡು ಮಸೀದಿ, ಚರ್ಚಿಗೆ ಹೋಗುತ್ತದೆ ಎಂಬ ಮಾತು ಪ್ರತಿ ವರ್ಷ ಓಡಾಡುತ್ತದೆ. 1997ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ಆದಾಯ ಇರುವ ದೇವಸ್ಥಾನಗಳು ಒಂದು ಪಾಲನ್ನು ಸಾಮಾನ್ಯ ಸಂಗ್ರಹ ನಿಧಿಗೆ ಕೊಡುತ್ತವೆ, ಅದು ಬಳಕೆಯಾಗಬೇಕಾದ್ದು ಹಿಂದೂ ಧಾರ್ಮಿಕ ಸಂಸ್ಥೆಗಳಿಗೇ. ಬೇರೆ ಸಮುದಾಯಗಳ ಯೋಜನೆಗೆ ಹೋಗುವುದು ಬಜೆಟ್ಟಿನ ದುಡ್ಡು. ಇನ್ನು ಸಣ್ಣ ದೇವಸ್ಥಾನಗಳಿಗೆ ಬರುವ ತಸ್ತೀಕು ಹಣ ಸರಕಾರದ ಉಡುಗೊರೆ ಅಲ್ಲ. ಆ ದೇವಸ್ಥಾನಗಳ ಇನಾಮು ಭೂಮಿ ಕಾನೂನಿನಿಂದ ಕೈಬಿಟ್ಟು ಹೋದದ್ದಕ್ಕೆ ಕೊಡುವ ಪರಿಹಾರ.

ಆಫೀಸಿನ ಆಯುಧ ಪೂಜೆ, ಪೊಲೀಸ್ ಜೀಪಿಗೆ ಒಡೆಯುವ ಕುಂಬಳಕಾಯಿ, ಕಟ್ಟಡದ ಭೂಮಿಪೂಜೆ, ಇವನ್ನು ಕೋರ್ಟುಗಳು ಸಾಮಾನ್ಯವಾಗಿ ರೂಢಿ ಎಂದು ಬಿಟ್ಟಿವೆ. ಹೈಕೋರ್ಟು ಕಟ್ಟಡದ ಭೂಮಿಪೂಜೆಯನ್ನೇ ಪ್ರಶ್ನಿಸಿದ ಅರ್ಜಿಯನ್ನು ಗುಜರಾತ್ ಹೈಕೋರ್ಟು 2011ರಲ್ಲಿ ದಂಡ ಹಾಕಿ ವಜಾ ಮಾಡಿತು. ದೊಡ್ಡವರಿಗೆ ಇದು ಅಷ್ಟು ಕಾಡುವ ವಿಷಯ ಅಲ್ಲ ಎಂದೇ ನಾನೂ ಅಂದುಕೊಳ್ಳುತ್ತೇನೆ. ಸಹಿಗೆ ಬಂದವರನ್ನು ಹೆಸರು ನೋಡಿ ಕಾಯಿಸದಿದ್ದರೆ ಸಾಕು. ಮಕ್ಕಳ ವಿಷಯ ಹಾಗಲ್ಲ. ಅವರು ಬೇಡ ಎಂದರೆ ಎದ್ದು ಹೋಗುವ ಸ್ಥಿತಿಯಲ್ಲಿ ಇರುವುದಿಲ್ಲ.

ಅದಕ್ಕೇ ಪೋಷಕರು ಅಡ್ಮಿಶನ್ ವೇಳೆಯಲ್ಲೇ ಕೇಳಬೇಕು. ಶಾಲೆ ಸರಕಾರಿಯಾ, ಅನುದಾನಿತವಾ, ಅನುದಾನರಹಿತವಾ? ಧರ್ಮದ ಪಾಠ, ಪೂಜೆ, ಪ್ರಾರ್ಥನೆ ಇದೆಯಾ, ಯಾವ ದಿನ? ಅನುದಾನಿತ ಮತ್ತು ಖಾಸಗಿ ಶಾಲೆಯಲ್ಲಿ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಕಾಗದದಲ್ಲಿ ಬರೆದುಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಮಾತಾಡಿ. ಆ ಸಮಿತಿಯಲ್ಲಿ ಜಾಸ್ತಿ ಇರುವವರು ಪೋಷಕರೇ. ಕೊನೆಗೆ ಹೆಡ್‌ಮಾಸ್ಟರನ್ನು ಇಷ್ಟು ಕೇಳಿ: ಪೂಜೆಗೋ ಪ್ರಾರ್ಥನೆಗೋ ನನ್ನ ಮಗು ಬರದಿದ್ದರೆ ಆ ಹೊತ್ತಿನಲ್ಲಿ ಅದು ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ, ಜೊತೆಗೆ ಯಾರು ಇರುತ್ತಾರೆ? ಲೈಬ್ರರಿ, ಒಂದು ಪುಸ್ತಕ, ಒಬ್ಬ ಟೀಚರ್ ಎಂದು ಉತ್ತರ ಬಂದರೆ ಆ ಶಾಲೆ ಈ ಬಗ್ಗೆ ಮೊದಲೇ ಯೋಚಿಸಿದೆ. "ಇದುವರೆಗೆ ಯಾರೂ ಕೇಳಿಲ್ಲ" ಎಂದು ಬಂದರೆ, ನೀವು ಕೇಳಿದ್ದೇ ಒಳ್ಳೆಯದಾಯಿತು. ಉತ್ತರ ಸಿಗುವವರೆಗೆ ಮತ್ತೆ ಹೋಗಿ ಕೇಳಿ.